ನೆನಪೂ ನಮಾಝೂ

ಶಾಗ್ಯದಂತಹ ಹಳ್ಳಿಯಲ್ಲಿ ಬೆಳೆದು ಕೊಳ್ಳೇಗಾಲಕ್ಕೋ ಬೆಂಗಳೂರಿಗೋ ಹೋಗಿ ನೆಲೆಸಿದವರ ಬಾಯಲ್ಲಿ ಒಂದು ಮಾತು ಸಾಮಾನ್ಯ: “ಚಿಕ್ಕಂದಿನ ರಮಝಾನ್ ಈಗೆಲ್ಲಿ?” ಸಹ್ರಿಗೆ ಎಬ್ಬಿಸುತ್ತಿದ್ದ ಅಮ್ಮಿ (ಅಲಾರಾಂಗೆ ಆ ದನಿ ಎಲ್ಲಿಂದ ಬರಬೇಕು!), ರೇಷ್ಮೆಹುಳುವಿಗೆ ಸೊಪ್ಪು ಹಾಕಿ, ಕೈತೊಳೆದು ಮಸೀದಿಗೆ ಹೊರಡುತ್ತಿದ್ದ ಅಬ್ಬಾ. ನೆನೆದರೆ ಕಣ್ಣು ತುಂಬುತ್ತದೆ. ಆದರೆ ಅದೇ ಹೊತ್ತಿನಲ್ಲಿ, ಇಫ್ತಾರ್‌ಗೆಂದು ಪಕ್ಕದಲ್ಲಿ ಕುಳಿತ ಮಗು ನಮಗೆ ಕಾಣುವುದಿಲ್ಲ.

ಹಾಗಾದರೆ ನೆನೆಯುವುದೇ ತಪ್ಪೇ? ಅಲ್ಲ. ಪವಿತ್ರ ಕುರ್‌ಆನ್ ಪ್ರವಾದಿವರ್ಯರಿಗೇ(ಸ) ಅವರ ಬಾಲ್ಯವನ್ನು ನೆನಪಿಸಿದೆ. ತಂದೆಯನ್ನು ಅವರು ಕಾಣಲೇ ಇಲ್ಲ. ತಾಯಿ ಆಮಿನಾ ತೀರಿಕೊಂಡಾಗ ಅವರಿಗೆ ಸುಮಾರು 6 ವರ್ಷ, ಅಜ್ಜ ಅಬ್ದುಲ್ ಮುತ್ತಲಿಬ್ ಅಗಲಿದಾಗ 8. 93ನೇ ಅಧ್ಯಾಯ ‘ಅದ್ದುಹಾ’ದ 6ನೇ ಸೂಕ್ತವು ಆ ಅನಾಥತನವನ್ನೂ ದೊರೆತ ಆಸರೆಯನ್ನೂ ಎತ್ತಿ ಹೇಳುತ್ತದೆ. ಅಲ್ಲಿಗೇ ನಿಲ್ಲುವುದಿಲ್ಲ. 9ರಿಂದ 11ರವರೆಗೆ ಓದಿ ನೋಡಿ: ಅನಾಥನೊಂದಿಗೆ, ಬೇಡಿ ಬಂದವನೊಂದಿಗೆ ಇಂದು ಹೇಗೆ ನಡೆದುಕೊಳ್ಳಬೇಕು, ಪ್ರಭುವಿನ ಅನುಗ್ರಹವನ್ನು ಹೇಗೆ ಸಾರಬೇಕು ಎಂಬ ಆದೇಶವಿದೆ. ಬಾಲ್ಯದ ನೆನಪು ಇಂದಿನ ಕೆಲಸವಾಯಿತು.

ಇನ್ನು ನಮಾಝಿನಲ್ಲಿ ಮನಸ್ಸು ಊರಿಗೆ ಓಡಿದರೆ? ಚಿತ್ತಾರದ ಹೊದಿಕೆಯೊಂದು ನಮಾಝಿನಲ್ಲಿ ಗಮನ ಸೆಳೆದಾಗ ಪ್ರವಾದಿವರ್ಯರು(ಸ) ಅದನ್ನು ಹಿಂದಕ್ಕೆ ಕಳುಹಿಸಿ ಸಾದಾ ಹೊದಿಕೆ ತರಿಸಿಕೊಂಡರೆಂದು ಹಝ್ರತ್ ಆಯಿಶಾ(ರ) ಅವರ ವರದಿ ಬುಖಾರಿಯಲ್ಲಿದೆ. ಹೊದಿಕೆಯನ್ನು ಕಳಚಬಹುದು, ನೆನಪನ್ನು ಕಳಚುವುದು ಕಷ್ಟ. ಆದ್ದರಿಂದ ಓದುವ ಸೂಕ್ತದ ಅರ್ಥ ಕಲಿಯಿರಿ. ಅಲೆಯುವ ಮನಸ್ಸಿಗೆ ಮರಳಲು ಒಂದು ಜಾಗ ಸಿಗುತ್ತದೆ. ‘ಅದ್ದುಹಾ’ದಲ್ಲಿರುವುದು 11 ಸೂಕ್ತಗಳಷ್ಟೇ. ಇಂದು ಇಶಾಕ್ಕೆ ಮೊದಲು ಮಕ್ಕಳನ್ನು ಕೂರಿಸಿಕೊಂಡು ಅದರ ಅರ್ಥ ಓದಿ. ಅಮ್ಮಿ ನೆನಪಾದರೆ ನಮಾಝ್ ಮುಗಿಸಿ ದುಆ ಮಾಡಿ. ಅವರಿನ್ನೂ ಊರಿನಲ್ಲೇ ಇದ್ದರೆ, ಈ ಶುಕ್ರವಾರ ಜುಮಾ ಮುಗಿಸಿ ಬಸ್ಸು ಹತ್ತಿ.