ಒಂದೇ ಗಾಳಿ, ಎರಡು ಲೆಕ್ಕ

ಪೆಟ್ರೋಲು ಬಂಕೊಂದರಲ್ಲಿ ಇಬ್ಬರು ಒಂದೇ ಸರದಿಯಲ್ಲಿ ಕೆಲಸ ಮಾಡುತ್ತಿರುವರೆಂದು ಭಾವಿಸೋಣ. ಇಬ್ಬರೂ ಉಸಿರಾಡುವ ಗಾಳಿ ಒಂದೇ. ಅದರಲ್ಲಿ ಬೆರೆತ ಬೆಂಜೀನ್ ಆವಿಯ ಪ್ರಮಾಣವೂ ಒಂದೇ. ಸಂಜೆ ಅವರ ಮೂತ್ರವನ್ನು ಪರೀಕ್ಷಿಸಿದರೆ ಒಬ್ಬನಲ್ಲಿ ಬೆಂಜೀನಿನ ಗುರುತು ಹೇರಳವಾಗಿಯೂ ಇನ್ನೊಬ್ಬನಲ್ಲಿ ಅತ್ಯಲ್ಪವಾಗಿಯೂ ಕಾಣಬಹುದು. ಎರಡನೆಯವನು ಸುರಕ್ಷಿತನೆಂದು ನಾವು ತೀರ್ಮಾನಿಸಬಹುದೆ? ಕೂಡದು. ಏಕೆ ಕೂಡದೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತುವೆಂಬುದು ಸಿದ್ಧವಾದ ಸಂಗತಿ. ಆದರೆ ಅದರ ಕೆಡುಕು ಪ್ರಕಟವಾಗುವುದು ದೇಹದೊಳಗೆ ರೂಪಾಂತರ ಹೊಂದಿದ ಮೇಲೆ. ಯಕೃತ್ತಿನ ಕಿಣ್ವವೊಂದು ಅದಕ್ಕೆ ಆಮ್ಲಜನಕವನ್ನು ಕೂಡಿಸಿ ಬೆಂಜೀನ್ ಆಕ್ಸೈಡನ್ನು ಉಂಟುಮಾಡುತ್ತದೆ. ವಿಷವನ್ನು ಹೊರದೂಡುವ ಯತ್ನದಲ್ಲಿಯೇ ದೇಹವು ಅದನ್ನು ಹರಿತಗೊಳಿಸುವುದು ವಿಚಿತ್ರವಾದರೂ ನಿಜ. ಇದರ ಬಹುಪಾಲು ಫೀನಾಲ್, ಹೈಡ್ರೊಕ್ವಿನೋನ್ ಮೊದಲಾದ ಪದಾರ್ಥಗಳಾಗುತ್ತದೆ. ಇವುಗಳಿಂದ ಅಸ್ಥಿಮಜ್ಜೆಯಲ್ಲಿ ಹುಟ್ಟುವ ಕ್ವಿನೋನುಗಳು ವರ್ಣತಂತುಗಳಿಗೆ ಹಾನಿಯನ್ನುಂಟುಮಾಡುತ್ತವೆ. ನೂರರಲ್ಲಿ ಒಂದು ಪಾಲಿಗೂ ಕಡಿಮೆಯಾದ ಭಾಗ ಮಾತ್ರ ಗ್ಲೂಟಾಥಯೋನ್ ಎಂಬ ಕಾವಲುಗಾರ ಅಣುವಿನೊಡನೆ ಜೊತೆಗೂಡಿ, ಕೊನೆಗೆ ಫಿನೈಲ್ ಮರ್ಕ್ಯಾಪ್ಟ್ಯೂರಿಕ್ ಆಮ್ಲವಾಗಿ ಮೂತ್ರದಲ್ಲಿ ಹೊರಬೀಳುತ್ತದೆ. ಪರೀಕ್ಷಕರು ಅಳೆಯುವುದು ಈ ಆಮ್ಲವನ್ನು. ಇಂತಹ ಗುರುತುಗಳನ್ನು ಜೈವಿಕ ಸೂಚಕಗಳೆಂದು ಕರೆಯುವರು.

ಗ್ಲೂಟಾಥಯೋನಿನ ಜೋಡಣೆಯನ್ನು ನಡೆಸುವ ಕಿಣ್ವಗಳಲ್ಲಿ ಒಂದಕ್ಕೆ ಮೂಲವಾದ ವಂಶವಾಹಿ ಜಿ.ಎಸ್.ಟಿ.ಟಿ.1. ಅದು ಎಲ್ಲರಲ್ಲಿಯೂ ಇಲ್ಲ. ತಂದೆಯಿಂದ ಬರಬೇಕಾದ ಪ್ರತಿಯೂ ತಾಯಿಯಿಂದ ಬರಬೇಕಾದ ಪ್ರತಿಯೂ ಲೋಪವಾಗಿದ್ದರೆ ಆ ಕಿಣ್ವ ತಯಾರಾಗುವುದೇ ಇಲ್ಲ. ಯೂರೋಪಿನ ಜನರಲ್ಲಿ ಸುಮಾರು ಐವರಿಗೊಬ್ಬರು, ಚೀನೀಯರಲ್ಲಿ ಸುಮಾರು ಅರ್ಧದಷ್ಟು ಮಂದಿ ಹೀಗಿರುತ್ತಾರೆ. ಇದು ರೋಗವಲ್ಲ, ತಮ್ಮಲ್ಲಿ ಇಂತಹ ಕೊರತೆಯುಂಟೆಂದು ತಿಳಿಯದೆಯೇ ಅವರು ಬಾಳುತ್ತಾರೆ. ಆದರೆ ಇತರರಷ್ಟೇ ಬೆಂಜೀನನ್ನು ಉಸಿರಾಡಿದರೂ ಇವರ ಮೂತ್ರದಲ್ಲಿ ಆ ಆಮ್ಲ ಕಡಿಮೆ. ಲೆಕ್ಕ ಬರೆಯುವ ಗುಮಾಸ್ತನೇ ರಜದಲ್ಲಿದ್ದರೆ ಖರ್ಚು ಕಡಿಮೆಯಾಯಿತೆಂದು ಹೇಳಲಾದೀತೆ?

ಇದೇ ವಂಶವಾಹಿಯ ಲೋಪವು ಇನ್ನೊಂದು ವಸ್ತುವಿನ ವಿಷಯದಲ್ಲಿ ತೀರ ವಿರುದ್ಧವಾದ ಫಲವನ್ನು ಕೊಡುತ್ತದೆ. ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಕ್ರಿಮಿರಹಿತವಾಗಿಸಲು ಬಳಸುವ ಎಥಿಲೀನ್ ಆಕ್ಸೈಡ್ ಅನಿಲಕ್ಕೆ ಯಾವ ಕಿಣ್ವದ ನೆರವೂ ಬೇಕಿಲ್ಲ. ಅದು ನೇರವಾಗಿ ಡಿ.ಎನ್.ಎ. ಅಣುವಿಗೆ ಅಂಟಿಕೊಳ್ಳಬಲ್ಲದು. ರಕ್ತದ ಹಿಮೋಗ್ಲೋಬಿನಿಗೂ ಅಂಟುತ್ತದೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನಗಳಾದುದರಿಂದ, ಅಲ್ಲಿ ಅಂಟಿದುದನ್ನು ಅಳೆದು ಕಳೆದ ನಾಲ್ಕು ತಿಂಗಳ ಇತಿಹಾಸವನ್ನು ಓದಬಹುದು. ಜಿ.ಎಸ್.ಟಿ.ಟಿ.1 ಕಿಣ್ವವು ಈ ಅನಿಲವನ್ನು ನಿರ್ವಿಷಗೊಳಿಸುವುದರಿಂದ, ಕಿಣ್ವವಿಲ್ಲದವರಲ್ಲಿ ಈ ಗುರುತು ಇತರರಿಗಿಂತ ಹೆಚ್ಚಾಗಿರುತ್ತದೆ. ಹೀಗೆ ಒಬ್ಬನೇ ಮನುಷ್ಯ ಒಂದು ಪರೀಕ್ಷೆಯಲ್ಲಿ ಇರುವುದಕ್ಕಿಂತ ಶುದ್ಧನಾಗಿಯೂ ಇನ್ನೊಂದರಲ್ಲಿ ಹೆಚ್ಚು ಮಲಿನನಾಗಿಯೂ ತೋರುತ್ತಾನೆ. ಎರಡನೆಯದು ಕೇವಲ ತೋರಿಕೆಯಲ್ಲವೆಂಬುದನ್ನು ಗಮನಿಸಬೇಕು: ಅವನ ದೇಹದಲ್ಲಿ ಅನಿಲವು ನಿಜವಾಗಿಯೂ ಹೆಚ್ಚು ಹೊತ್ತು ಉಳಿದಿರುತ್ತದೆ.

ಗುರುತಿಗೂ ಅಪಾಯಕ್ಕೂ ನಡುವಿನ ಅಂತರವನ್ನು ಷಾಂಘೈ ನಗರದ ಕಾರ್ಮಿಕರನ್ನು ಕುರಿತು 1997ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕ್ವಿನೋನುಗಳನ್ನು ನಿರಪಾಯಗೊಳಿಸುವ ಎನ್.ಕ್ಯು.ಓ.1 ಎಂಬ ಬೇರೊಂದು ಕಿಣ್ವವಿದೆ. ಅದಿಲ್ಲದೆ, ಬೆಂಜೀನನ್ನು ಹರಿತಗೊಳಿಸುವ ಮೊದಲ ಕಿಣ್ವವೂ ಚುರುಕಾಗಿದ್ದವರಿಗೆ, ಈ ಎರಡು ತೊಡಕೂ ಇಲ್ಲದವರಿಗಿಂತ ಬೆಂಜೀನ್ ವಿಷಬಾಧೆಯ ಸಂಭವ 7 ಪಟ್ಟಿಗೂ ಹೆಚ್ಚಾಗಿತ್ತು. ಮೂತ್ರದ ಆಮ್ಲವೊಂದನ್ನೇ ಅಳೆದಿದ್ದರೆ ಇದು ತಿಳಿಯುತ್ತಿರಲಿಲ್ಲ.

ಹಾಗಾದರೆ ವಂಶವಾಹಿಗಳನ್ನು ನೋಡಿ ಕೆಲಸಗಾರರನ್ನು ಆರಿಸಬಾರದೇಕೆಂದು ಕೆಲವರು ಕೇಳಬಹುದು. ನಮಗೆ ಅದು ಸರಿಕಾಣದು. ಯೋಗ್ಯನೆಂದು ಆರಿಸಲ್ಪಟ್ಟವನ ಮಜ್ಜೆಗೂ ಬೆಂಜೀನ್ ಮಿತ್ರವಲ್ಲ, ಬದಲಾಗಬೇಕಾದುದು ಗಾಳಿ. ಪರೀಕ್ಷೆಯನ್ನು ತಿದ್ದುವ ಮಾರ್ಗಗಳಂತೂ ಇವೆ. ರೂಪಾಂತರ ಹೊಂದದೆ ಮೂತ್ರಕ್ಕೆ ಬರುವ ಬೆಂಜೀನನ್ನೇ ಅಳೆಯಬಹುದು; ಕೆಲಸಗಾರನ ಅಂಗಿಗೆ ಸಣ್ಣ ಬಿಲ್ಲೆಯೊಂದನ್ನು ಸಿಕ್ಕಿಸಿ ಅವನು ಉಸಿರಾಡುವ ಗಾಳಿಯನ್ನೇ ಪರೀಕ್ಷಿಸಬಹುದು. ಅತ್ಯಂತ ಸರಳವಾದುದು, ಒಬ್ಬನನ್ನು ಅವನೊಡನೆಯೇ ಹೋಲಿಸುವುದು: ಕೆಲಸಕ್ಕೆ ಮುಂಚೆ ಒಂದು ಮಾದರಿ, ಮುಗಿದ ಮೇಲೆ ಇನ್ನೊಂದು. ಬೆಳಗಿನಿಂದ ಸಂಜೆಗೆ ಯಾರ ವಂಶವಾಹಿಯೂ ಬದಲಾಗದಷ್ಟೆ. ನಡುವೆ ಅವನು ಬೀಡಿ ಸೇದಿರಬಾರದು. ತಂಬಾಕಿನ ಹೊಗೆಯಲ್ಲಿಯೂ ಬೆಂಜೀನ್ ಉಂಟು.