ಒಲೆಯ ಆಯ್ಕೆ



ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ದಹನಕ್ರಿಯೆಯ ಪಾಠವಿದೆ. ಇಂಧನ, ಆಮ್ಲಜನಕ, ಕಾವು ಈ ಮೂರೂ ಕೂಡಿದಾಗ ಬೆಂಕಿ ಹುಟ್ಟುವುದೆಂದು ನೀವು ಬಾಯಿಪಾಠ ಮಾಡಿರುವಿರಿ. ಆದರೆ ಆ ಪಾಠವು ದಿನದ ಮೂರು ಹೊತ್ತೂ ನಿಮ್ಮ ಅಡಿಗೆಮನೆಯ ಕಟ್ಟೆಯ ಮೇಲೆ ನಡೆಯುತ್ತಿರುವುದನ್ನು ಎಷ್ಟು ಜನ ನಿಂತು ನೋಡಿರುವಿರಿ? ಗ್ಯಾಸಿನ ಒಲೆಯನ್ನು ಕೊಳ್ಳುವಾಗ ಏನೇನನ್ನು ವಿಚಾರಿಸಬೇಕು, ಅದರಲ್ಲಿಯೂ ಯಾವುದನ್ನು ಮೊದಲು ವಿಚಾರಿಸಬೇಕು ಎಂಬುದೇ ಈ ಲೇಖನದ ವಿಷಯ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುವೆನು. ವಿಜಯಪುರ ಜಿಲ್ಲೆಯಿಂದ ಈ ಕಡೆಗೆ ಬಂದ ಮೇಲೆ ಕೆಲವು ವರ್ಷ ನಾನು ಡೊಂಬಿವಲಿಯ ಚಾಳಿನಲ್ಲಿದ್ದೆನು. ಅಲ್ಲಿ ಸಿಲಿಂಡರಿನ ಗ್ಯಾಸು, ಎರಡು ಬರ್ನರಿನ ಹಳೆಯ ಒಲೆ. ಮುಂದೆ ಘೋಡಬಂದರ್ ರಸ್ತೆಯ ಕಾಸಾರವಡವಲಿಯಲ್ಲಿ ಬಾಡಿಗೆಯ ಮನೆ ಹಿಡಿದಾಗ, ಕೊಳವೆಯಲ್ಲಿ ಬರುವ ಗ್ಯಾಸು ಮನೆಯಲ್ಲಿಯೇ ಇತ್ತು. ಹೊಸ ಮನೆಗೆ ಹೊಸ ಒಲೆ ಬೇಕೆಂದು, ಗಾಜಿನ ಮೇಲ್ಮೈಯ, ನಾಲ್ಕು ಬರ್ನರಿನ ಒಲೆಯೊಂದನ್ನು ಹೊಳಪಿಗೆ ಮರುಳಾಗಿ ತಂದೆನು. ಅಂಗಡಿಯವನು ಯಾವ ಗ್ಯಾಸೆಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ತಂದವನೇ ಯಾರನ್ನೂ ಕರೆಯದೆ ನಳಿಗೆಯನ್ನು ಜೋಡಿಸಿದೆನು.

ಮರುದಿನ ನಮ್ಮ ಅವ್ವ ಜೋಳದ ರೊಟ್ಟಿ ಬಡಿಯಲು ಕುಳಿತಳು. ಹಂಚು ಎಷ್ಟು ಹೊತ್ತಾದರೂ ಕಾಯಲಿಲ್ಲ. ರೊಟ್ಟಿ ಉಬ್ಬದೆ ಒಣಗಿ ಬಿರುಸಾಯಿತು. ಅದರ ಮೇಲೆ, ದೊಡ್ಡ ಹಂಚನ್ನಿಟ್ಟರೆ ಪಕ್ಕದ ಬೇಳೆಯ ಪಾತ್ರೆಗೆ ಸ್ಥಳವಿಲ್ಲ. ಅವ್ವ ನನ್ನನ್ನು ಬೈಯಲಿಲ್ಲ. “ತಮ್ಮಾ, ಒಲಿ ಛಂದ ಐತಿ, ಆದ್ರ ಉರೀಗೆ ಕಸುವಿಲ್ಲ” ಎಂದಷ್ಟೇ ಹೇಳಿದಳು. ನಲವತ್ತು ವರ್ಷ ಕಟ್ಟಿಗೆಯ ಹೊಗೆಯಲ್ಲಿ ಕಣ್ಣು ನೋಯಿಸಿಕೊಂಡವಳು ಆಕೆ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ನನಗೆ ಕಾಣದಿದ್ದುದು ಆಕೆಗೆ ಒಂದೇ ನೋಟಕ್ಕೆ ಕಂಡಿತು.

ಉರಿಗೆ ಕಸುವು ಏಕಿರಲಿಲ್ಲ? ಕಾರಣವನ್ನು ನೋಡೋಣ. ಸಿಲಿಂಡರಿನಲ್ಲಿರುವುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯುಟೇನ್ ಎಂಬ ಅನಿಲಗಳು. ಒತ್ತಡದಿಂದ ದ್ರವವಾಗಿರುವ ಇವುಗಳನ್ನು ಬರ್ಮಾ ಶೆಲ್ ಕಂಪನಿಯು 1950ರ ದಶಕದ ನಡುವಿನಲ್ಲಿ ನಮ್ಮ ದೇಶದ ಅಡಿಗೆಮನೆಗಳಿಗೆ ತಂದಿತು. ಕೊಳವೆಯಲ್ಲಿ ಬರುವುದಾದರೋ ನೈಸರ್ಗಿಕ ಅನಿಲ. ಅದರ ಬಹುಭಾಗ ಮೀಥೇನ್. ಮುಂಬಯಿ ಠಾಣೆಗಳ ಮನೆಗಳಿಗೆ ಇದನ್ನು ಒದಗಿಸುವ ಮಹಾನಗರ ಗ್ಯಾಸ್ ಕಂಪನಿಯು ಸ್ಥಾಪಿತವಾದುದು 1995ರಲ್ಲಿ. ನಮ್ಮ ರಸ್ತೆಯ ಎತ್ತರದ ಕಟ್ಟಡಗಳ ಗೋಡೆಗಳ ಮೇಲೆ ಏರಿಹೋಗಿರುವ ಹಳದಿಯ ಕೊಳವೆಗಳನ್ನು ನೀವು ಕಂಡೇ ಇರುವಿರಿ.

ಸಮಾನ ಗಾತ್ರದ ಈ ಎರಡು ಅನಿಲಗಳನ್ನು ಉರಿಸಿದರೆ, ಸಿಲಿಂಡರಿನ ಅನಿಲವು ಮೀಥೇನಿಗಿಂತ ಸುಮಾರು ಎರಡೂವರೆಯಿಂದ ಮೂರು ಪಟ್ಟು ಕಾವನ್ನು ಕೊಡುವುದು. ಒಲೆಗೆ ಬರುವ ಒತ್ತಡವೂ ಒಂದೇ ಅಲ್ಲ: ಸಿಲಿಂಡರಿನದು ಸುಮಾರು 30 ಮಿಲಿಬಾರ್, ಕೊಳವೆಯದು ಸುಮಾರು 21 ಮಿಲಿಬಾರ್. ಬರ್ನರಿನ ಕೆಳಗೆ ಗ್ಯಾಸು ಹೊರಬೀಳುವಲ್ಲಿ ಹಿತ್ತಾಳೆಯ ಒಂದು ಪುಟ್ಟ ಭಾಗವಿದೆ. ಅದಕ್ಕೆ ಜೆಟ್ ಎನ್ನುವರು. ಅದರ ನಡುವೆ ಸೂಜಿಯ ಮೊನೆ ಹೋಗುವಷ್ಟು ರಂಧ್ರ. ಕಾವು ಕಡಿಮೆಯುಳ್ಳ ಕೊಳವೆಯ ಗ್ಯಾಸಿಗೆ ಈ ರಂಧ್ರ ದೊಡ್ಡದಿರಬೇಕು. ಸಿಲಿಂಡರಿನ ಗ್ಯಾಸಿಗೆ ಸಣ್ಣದಿರಬೇಕು. ನನ್ನ ಒಲೆಯಲ್ಲಿ ಸಿಲಿಂಡರಿನ ಜೆಟ್ಟುಗಳಿದ್ದವು. ಉರಿ ಸೊರಗಿದುದು ಅದರಿಂದಲೇ.

ಇದರ ವಿಪರೀತವು ಇನ್ನೂ ಕೆಟ್ಟದು. ಕೊಳವೆಯ ಒಲೆಯನ್ನು ಹಾಗೆಯೇ ಸಿಲಿಂಡರಿಗೆ ಜೋಡಿಸಿದರೆ, ದೊಡ್ಡ ರಂಧ್ರದಿಂದ ಮಿತಿಮೀರಿ ಗ್ಯಾಸು ನುಗ್ಗುವುದು. ಗಾಳಿ ಸಾಲದೆ ಉರಿಯು ಹಳದಿಯಾಗಿ ಎತ್ತರಕ್ಕೇಳುವುದು. ಪಾತ್ರೆಗೆ ಮಸಿ ಹತ್ತುವುದು. ಕಾರ್ಬನ್ ಮೊನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲವೂ ಹುಟ್ಟಬಹುದು. ಕೆಲಸವಿದ್ದ ಕಡೆ ಮನೆ ಬದಲಿಸುವ ಜನ ನಾವು. ಇಂದು ಚಾಳು, ನಾಳೆ ಕಟ್ಟಡ, ನಾಡಿದ್ದು ಮತ್ತೆ ಚಾಳು. ಆದುದರಿಂದ ಮನೆ ಬದಲಾದಾಗಲೆಲ್ಲ ಗ್ಯಾಸು ಬದಲಾಯಿತೇ ಎಂದು ಕೇಳತಕ್ಕದ್ದು. ಬದಲಾಗಿದ್ದರೆ ಗ್ಯಾಸ್ ಕಂಪನಿಯ ಅಧಿಕೃತ ಕೆಲಸಗಾರನಿಂದಲೇ ಜೆಟ್ಟನ್ನು ಬದಲಾಯಿಸಿಕೊಳ್ಳತಕ್ಕದ್ದು. ನಮ್ಮ ಮನೆಗೆ ಬಂದ ಕೆಲಸಗಾರನು ಅರ್ಧ ಗಂಟೆಯೊಳಗೆ ಕೆಲಸ ಮುಗಿಸಿದನು. ಆ ಸಂಜೆಯ ರೊಟ್ಟಿ ಉಬ್ಬಿತು.

ಎರಡನೆಯದಾಗಿ ಬರ್ನರು. ಗ್ಯಾಸು ಉರಿಯುವ ಮೊದಲೇ ಅದಕ್ಕೆ ಗಾಳಿಯನ್ನು ಬೆರೆಸಿದರೆ ಮಸಿಯಿಲ್ಲದ ನೀಲಿಯ ಉರಿ ಬರುವುದೆಂಬ ತತ್ವವನ್ನು ನಿಮ್ಮ ಪ್ರಯೋಗಶಾಲೆಯ ಬುನ್ಸೆನ್ ಬರ್ನರಿನಲ್ಲಿ ನೋಡಿರುವಿರಿ. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ 1855ರ ಸುಮಾರಿಗೆ ಅದು ರೂಪುಗೊಂಡಿತು. ನಿಮ್ಮ ಮನೆಯ ಒಲೆಯೂ ಅದೇ ಕುಲದ್ದು. ಬರ್ನರಿನ ತಲೆ ಹಿತ್ತಾಳೆಯದಾದರೆ ತುಕ್ಕು ಹಿಡಿಯದು, ಕಾವಿಗೆ ಬೇಗ ಸೊಟ್ಟಗಾಗದು. ಕೈಯಲ್ಲಿ ಹಿಡಿದು ನೋಡಿದರೆ ತೂಕವಿರಬೇಕು. ರಂಧ್ರಗಳು ಒಂದೇ ಅಳತೆಯಲ್ಲಿರಬೇಕು. ತೊಳೆಯಲು ಸುಲಭವಾಗಿ ಮೇಲೆ ಬರಬೇಕು.

ಮೂರನೆಯದು ಬರ್ನರುಗಳ ಸಂಖ್ಯೆ ಮತ್ತು ಅಂತರ. ಅಂಗಡಿಗೆ ಹೋಗುವ ಮೊದಲು ಕಟ್ಟೆಯನ್ನೂ ಮನೆಯ ಅತಿ ದೊಡ್ಡ ಎರಡು ಪಾತ್ರೆಗಳನ್ನೂ ಅಳೆಯಿರಿ. ಎರಡನ್ನೂ ಒಟ್ಟಿಗೆ ಇಡಲು ಬಾರದ ಒಲೆಯಲ್ಲಿ ನಾಲ್ಕು ಬರ್ನರುಗಳಿದ್ದರೂ ಎರಡರಷ್ಟೇ ಲಾಭ. ನನ್ನ ಒಲೆಯ ನಾಲ್ಕನೆಯ ಬರ್ನರು ಇಂದಿನವರೆಗೆ ಹೆಚ್ಚು ಉರಿದುದಿಲ್ಲ. ರೊಟ್ಟಿಯ ಹಂಚಿಗೆ ಅಗಲವಾದ ದೊಡ್ಡ ಬರ್ನರು ಬೇಕು. ಹಾಲು ಕಾಯಿಸಲು, ಚಹಾಕ್ಕೆ ಚಿಕ್ಕದು ಸಾಕು. ಉರಿಯು ಪಾತ್ರೆಯ ತಳವನ್ನು ಮೀರಿ ಬದಿಗೆ ನೆಕ್ಕಿದರೆ ಆ ಕಾವು ಗಾಳಿಯ ಪಾಲು.

ಈ ನಷ್ಟವೆಷ್ಟೆಂದು ಲೆಕ್ಕ ಹಾಕೋಣ. ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು 70 ಕಿಲೋಕ್ಯಾಲರಿ ಬೇಕು. ಸಿಲಿಂಡರಿನ ಒಂದು ಕಿಲೋ ಗ್ಯಾಸು ಸುಮಾರು 10,900 ಕಿಲೋಕ್ಯಾಲರಿ ಕೊಡುವುದು. ಸಿಲಿಂಡರಿನ ಒಲೆಗಳ ಭಾರತೀಯ ಮಾನಕವಾದ ಐ.ಎಸ್. 4246ರಂತೆ, ಈ ಕಾವಿನಲ್ಲಿ ನೂರಕ್ಕೆ 68 ಭಾಗವಾದರೂ ಪಾತ್ರೆಗೆ ಸೇರಬೇಕು. ಹಾಗಾದರೆ ಒಂದು ಲೀಟರ್ ನೀರಿಗೆ ಸುಮಾರು 9.5 ಗ್ರಾಂ ಗ್ಯಾಸು ಸಾಕು. ಬರ್ನರು ಕಟ್ಟಿಕೊಂಡು ನೂರಕ್ಕೆ 50 ಭಾಗವಷ್ಟೇ ಸೇರಿದರೆ ಸುಮಾರು 13 ಗ್ರಾಂ ಬೇಕು. ಲೀಟರಿಗೆ ಮೂರೂವರೆ ಗ್ರಾಮಿನ ಈ ನಷ್ಟ ದಿನದಿನವೂ ಕೂಡಿ, 14.2 ಕಿಲೋ ಸಿಲಿಂಡರು ಬೇಗ ಬರಿದಾಗುವುದು. ಆದುದರಿಂದ ಐ.ಎಸ್.ಐ. ಗುರುತನ್ನು ನೋಡಿಯೇ ಕೊಳ್ಳಬೇಕು.

ಕಡೆಯದು ಮೇಲ್ಮೈ. ಗಾಜು ಒರೆಸಲು ಸುಲಭ, ಆದರೆ ಭಾರವಾದ ಪಾತ್ರೆ ಬಿದ್ದರೆ ಒಡೆಯುವುದು. ಸ್ಟೀಲಿಗೆ ಆ ಭಯವಿಲ್ಲ. ಉರಿ ಆರಿದೊಡನೆ ಗ್ಯಾಸನ್ನು ತಾನೇ ತಡೆಯುವ ಸಾಧನವಿದ್ದರೆ, ಅಂಗಡಿಯ ಹೊಳಪಿಗೆ ಕೊಡುವ ಹಣವನ್ನು ಅದಕ್ಕೆ ಕೊಡುವುದು ಲೇಸು.

ಎಲ್ಲರ ಮನೆಯ ದೋಸೆಯೂ ತೂತೇ ಎಂಬಂತೆ ನನ್ನ ಮನೆಯ ತೂತನ್ನು ನಿಮ್ಮೆದುರಿಗೆ ತೆರೆದಿಟ್ಟಿರುವೆನು. ಮೊದಲು ಗ್ಯಾಸು, ಬಳಿಕ ಬರ್ನರು, ಆಮೇಲೆ ಪಾತ್ರೆ, ಕೊನೆಗೆ ಅಂದ. ಈ ಕ್ರಮವನ್ನು ಮರೆಯಬೇಡಿರಿ. ಇದಕ್ಕಿಂತಲೂ ಮೊದಲು, ಒಲೆಯ ಮುಂದೆ ದಿನವೂ ನಿಲ್ಲುವವರನ್ನು ಕೇಳಿರಿ. ನಾನು ಅಂಗಡಿಗೆ ಹೊರಡುವಾಗ ಅವ್ವನನ್ನು ಕರೆದೊಯ್ದಿದ್ದರೆ ಈ ಲೇಖನವನ್ನು ಬರೆಯುವ ಕಾರಣವೇ ಇರುತ್ತಿರಲಿಲ್ಲ.

ಅಭ್ಯಾಸ

1. ನಿಮ್ಮ ಮನೆಯದು ಯಾವ ಗ್ಯಾಸು? ಅದರಲ್ಲಿರುವ ಮುಖ್ಯ ಅನಿಲಗಳಾವುವು?
2. ದೊಡ್ಡವರು ಒಲೆ ಹಚ್ಚಿದಾಗ ದೂರ ನಿಂತು ಉರಿಯ ಬಣ್ಣವನ್ನು ನೋಡಿರಿ. ಹಳದಿಯಿದ್ದರೆ ಅವರಿಗೆ ತಿಳಿಸಿರಿ. ನೀವೇ ಬಿಚ್ಚಲು ಹೋಗಬೇಡಿರಿ.
3. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ, ಮೀಥೇನ್ ಹಗುರ. ಸೋರಿದಾಗ ಯಾವುದು ನೆಲದ ಬಳಿ ನಿಲ್ಲುವುದು? ಆಗ ವಿದ್ಯುತ್ ಗುಂಡಿಯನ್ನು ಏಕೆ ಮುಟ್ಟಬಾರದು?
4. ಮನೆಯಲ್ಲಿ ಅಡಿಗೆ ಮಾಡುವವರನ್ನು “ಈ ಒಲೆಯಲ್ಲಿ ನಿಮಗೆ ಏನು ತೊಂದರೆ?” ಎಂದು ಕೇಳಿ, ಅವರ ಉತ್ತರವನ್ನು ಐದು ವಾಕ್ಯಗಳಲ್ಲಿ ಬರೆಯಿರಿ.