ಕಾರಿನ ವಿಮೆ: ದಿನಾಂಕ ಒಂದಲ್ಲ, ಎರಡು

ಈ ಭಾನುವಾರ ಕಾರು ತೊಳೆಯುವ ಮುನ್ನ ಡ್ಯಾಶ್‌ಬೋರ್ಡಿನ ಖಾನೆ ತೆರೆದು, ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ವಿಮೆ ಪತ್ರವನ್ನು ಬಿಡಿಸಿ ಓದಿ. ಮುಗಿಯುವ ದಿನಾಂಕ ಅದರಲ್ಲಿ ಎರಡಿರಬಹುದು. ಹೊಸ ಕಾರು ಕೊಂಡವರು ಎಡವುವುದು ಇಲ್ಲೇ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆದರೆ ನಮ್ಮದೇ ಕಾರಿನ ನಷ್ಟ ತುಂಬಿಕೊಡುವ ಭಾಗ ಸಾಮಾನ್ಯವಾಗಿ ಒಂದೇ ವರ್ಷದ್ದು. ಮೂರು ವರ್ಷ ಚಿಂತೆಯಿಲ್ಲ ಎಂದುಕೊಂಡಿದ್ದ ನಮ್ಮ ಬೀದಿಯ ಗೆಳೆಯರೊಬ್ಬರ ಕಾರಿನ ಮೇಲೆ ಮಳೆಯಲ್ಲಿ ಮರದ ಕೊಂಬೆ ಬಿತ್ತು. ಬಾನೆಟ್ ಜಜ್ಜಿಹೋಗಿ ಗಾಜು ಪುಡಿಯಾಯಿತು. ಪತ್ರ ತೆಗೆದು ನೋಡಿದರೆ ಆ ಭಾಗ ಮುಗಿದು ಹನ್ನೊಂದು ದಿನವಾಗಿತ್ತು. ಅವರ ಮುಖ ಇನ್ನೂ ನನ್ನ ಕಣ್ಣ ಮುಂದಿದೆ.

ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿಯೂ ನೋಡಬಹುದು. ಆದರೆ ಅಲ್ಲಿನ ದಿನಾಂಕವೊಂದನ್ನೇ ನಂಬಿ ಸುಮ್ಮನಾಗಬೇಡಿ. ಸೆಕೆಂಡ್‌ಹ್ಯಾಂಡ್ ಕಾರಾದರೆ ಪಾಲಿಸಿ ನಿಮ್ಮ ಹೆಸರಿಗೆ ಬಂದಿದೆಯೇ ನೋಡಿ, ಚಾಸಿ ನಂಬರನ್ನು ಆರ್‌ಸಿಯೊಂದಿಗೆ ತಾಳೆ ಹಾಕಿ.

ಥರ್ಡ್ ಪಾರ್ಟಿ ವಿಮೆಯೇ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 2000 ರೂಪಾಯಿ ದಂಡ, ಇಲ್ಲವೇ 3 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ನನಗೆ ಅದಕ್ಕಿಂತ ಭಯವಾಗುವುದು, ಗಾಯಗೊಂಡವರಿಗೆ ಕೊಡಬೇಕಾದ ಪರಿಹಾರದ ಹೊರೆ ನಮ್ಮ ತಲೆಯ ಮೇಲೇ ಬೀಳುವುದು. ನಮ್ಮ ಕಾರಿನ ನಷ್ಟ ತುಂಬುವ ಭಾಗದ ಅವಧಿ ಮುಗಿದು, ನವೀಕರಿಸದೆ 90 ದಿನ ದಾಟಿದರೆ ನೋ ಕ್ಲೇಮ್ ಬೋನಸ್ ಕೂಡ ಕೈತಪ್ಪುತ್ತದೆ. ಎರಡೂ ದಿನಾಂಕಗಳನ್ನು ಇವತ್ತೇ ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.